ಅಮಾಸೆಗೆ ನಂಬರಿಲ್ಲ

22 ನವೆಂಬರ್ 1988, ಚನ್ನಗಿರಿ

ಕಂಪ್ಯೂಟರ್ ಹಾಳು ಮಾಡಿದ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಎರಡು ಅಂಚಿಗೂ ಸಾಲಾಗಿ ತೂತು. ಇವತ್ತು ಒಂದು ಕಟ್ಟು ಕಾಗದವೇ ದಂಡವಾಯಿತು, ಎಸೆಯಲು ಮನಸ್ಸು ಬರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ರೂಮಿಗೆ ತಂದೆ. ಬೈಸಿಕೊಂಡಿದ್ದನ್ನು ಎಲ್ಲಾದರೂ ಬರೆದಿಡದಿದ್ದರೆ ಅನ್ನ ಇಳಿಯುವುದಿಲ್ಲ.

ಬೆಳಿಗ್ಗೆ ಮಂಡಿಯ ಬಾಗಿಲು ತೆಗೆದದ್ದೇ ತಡ, ರೈತರು ಕೌಂಟರಿಗೆ ಮುಗಿಬಿದ್ದರು. ಅಡಿಕೆ ತೂಗಿ ನಾವು ಕೊಡುವ ಚೀಟಿಯಲ್ಲಿ ತಾರೀಖು ಇರಬೇಕಾದ ಕಡೆ ಬರೀ 13 ಎಂದು ಅಚ್ಚಾಗಿದೆ. "ಏನ್ರೀ ಇದು ಹದಿಮೂರು? ಯಾವ ತಿಂಗಳ ಹದಿಮೂರು? ಇದು ಯಾವ ಊರಿನ ತಾರೀಖು?" ಎಂದು ಕೆರೆಬಿಳಚಿಯ ಒಬ್ಬರು ಚೀಟಿಯನ್ನು ನನ್ನ ಮುಖದ ಹತ್ತಿರ ತಂದು ಆಡಿಸಿದರು. ಅವರದೇನು ತಪ್ಪು? ಕಂಪ್ಯೂಟರ್ ಕೂರಿಸಿದ ದಾವಣಗೆರೆಯ ಹುಡುಗ, ತಾರೀಖಿನ ಬದಲು ದಿನಕ್ಕೊಂದು ನಂಬರ್ ಇಟ್ಟು ಹೋಗಿದ್ದಾನೆ. ಮಂಡಿಯವರು ದೀಪಾವಳಿಯ ಪಾಡ್ಯಕ್ಕೆ ಹೊಸ ಲೆಕ್ಕ ಶುರುಮಾಡುತ್ತಾರಲ್ಲ, ಅವತ್ತು ಒಂದು, ಮಾರನೆ ದಿನ ಎರಡು, ಹೀಗೇ. ನಂಬರಾದರೆ ಯಂತ್ರದಲ್ಲಿ ಜಾಗ ಉಳಿಯುತ್ತದಂತೆ. ಮಹಾರಾಯ ಜಾಗ ಉಳಿಸಿಕೊಟ್ಟು ತಾನು ಜಾಗ ಖಾಲಿ ಮಾಡಿದ್ದಾನೆ. ಟ್ರಂಕ್ ಕಾಲ್ ಮಾಡಿದರೆ ಊರಲ್ಲೇ ಇಲ್ಲ ಅನ್ನುತ್ತಾರೆ.

ಮಂಡಿ ನಡೆಸುವ ಸಂಘದ ಸೆಕ್ರೆಟರಿ ನಾಗರಾಜಪ್ಪನವರು ನನ್ನನ್ನು ಕರೆಸಿದರು. "ಅಂಜಿನಮ್ಮೋರೆ, ಸಂಘದ ಖರ್ಚಲ್ಲಿ ಕಂಪ್ಯೂಟರ್ ಕಲಿಯಾಕೆ ದಾವಣಗೆರೆಗೆ ಹೋಗಿದ್ದು ನೀವು ತಾನೆ? ಮತ್ತೆ ಇದೇನು ಅವಾಂತರ?"

ಕಲಿಸಿದ್ದು ಹೆಸರು ಟೈಪು ಮಾಡುವುದು, ಪ್ರಿಂಟು ತೆಗೆಯುವುದು, ಅಷ್ಟೇ ಸಾರ್, ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ತಪ್ಪಾಯ್ತು ಸಾರ್ ಅಂದೆ. ಯಾರ ತಪ್ಪು, ಏನು ತಪ್ಪು ಎಂದು ಕೇಳಿದರೆ ದೇವರಾಣೆಗೂ ಗೊತ್ತಿಲ್ಲ.

ಆದರೆ ಅವರೇ ಒಂದು ಮಾತು ಅಂದರು. "ಮಾರ್ಚಿನ ಸರ್ವ ಸದಸ್ಯರ ಸಭೆ ಬರೋದ್ರೊಳಗೆ ಎಲ್ಲಾ ಚೀಟಿಗೂ ಓದಾಕೆ ಬರೋ ತಾರೀಖು ಹಾಕಿಸ್ರಿ. ನಿಮ್ಮ ಜಗಳೂರು ವರ್ಗಾವಣೆ ಅರ್ಜಿ ಐತಲ್ಲ, ಅದನ್ನ ನಾನೇ ಮುಂದಿಟ್ಟು ಪಾಸ್ ಮಾಡಿಸ್ತೀನಿ."

ಜಗಳೂರಿನಲ್ಲಿ ಸಂಘದ ಗೊಬ್ಬರದ ಡಿಪೋ! ಅಲ್ಲಿಂದ ಬಿಳಿಚೋಡಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಕೆಲಸ ಮುಗಿಸಿ ಹೋದರೆ ಮಗಳು ಚೌಡಿಗೆ ರಾತ್ರಿಯ ಊಟ ನಾನೇ ಮಾಡಿಸಬಹುದು. ದಿನಾ.

25 ನವೆಂಬರ್

ರೂಮಿನ ಯಜಮಾನಿ ಕಲ್ಲಮ್ಮ ಕೇಳಿದರು, "ಮಗಳಿಗೆ ನಾಲ್ಕು ತುಂಬ್ತಾ?" ಹೂಂ ಅಂದೆ. ಅವಳ ಅಪ್ಪ ಇದೇ ಮಂಡಿಯಲ್ಲಿ ತೂಕದವರಾಗಿದ್ದರು. ಕಾಮಾಲೆಯಲ್ಲಿ ಅವರು ಹೋದಾಗ ಚೌಡಿ ಇನ್ನೂ ಮಗ್ಗುಲು ಮಗುಚುತ್ತಿರಲಿಲ್ಲ. ಅವರ ಕೆಲಸದ ಬದಲು ನನಗೆ ಕೆಲಸ ಕೊಟ್ಟರು. ಮಗುವನ್ನು ಬಿಳಿಚೋಡಿನಲ್ಲಿ ಅಣ್ಣನ ಮನೆಯಲ್ಲಿ, ನಮ್ಮವ್ವನ ಹತ್ತಿರ ಬಿಟ್ಟು ಬಂದೆ. ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಮಂಡಿಯಲ್ಲಿರುವವಳು ಇನ್ನೇನು ಮಾಡಲಿ?

ಮಂಡಿಗೆ ಭಾನುವಾರವಿಲ್ಲ. ಅಮಾವಾಸ್ಯೆ ಒಂದೇ ರಜೆ. ಅವತ್ತು ಮೊದಲ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ಅಷ್ಟು ಹೊತ್ತು ನಾನು ಅವ್ವ. ಉಳಿದ ದಿನ ಅಂಜಿನಮ್ಮೋರು.

3 ಡಿಸೆಂಬರ್

ಆಯಿತು! ಆಯಿತು!

ಕಂಪ್ಯೂಟರಿನ ಜೊತೆ ಬಂದ ಬುಕ್ಕಿನಲ್ಲಿ ಹುಡುಕಿ ಹುಡುಕಿ ಕಣ್ಣು ಉರಿ ಬಂತು. ಕೊನೆಗೆ ನೋಡಿದರೆ ಬಲು ಸುಲಭ. ಮೊದಲ ದಿನ ಯಾವುದೆಂದು ಯಂತ್ರಕ್ಕೆ ಹೇಳಿಕೊಡಬೇಕು: ದೀಪಾವಳಿ ಪಾಡ್ಯ, ನವೆಂಬರ್ ಹತ್ತು. ಅದಕ್ಕೆ ನಂಬರ್ ಕೂಡಿಸಿ ಒಂದು ಕಳೆ ಎಂದರೆ ತಾನೇ ತಾರೀಖು ಮಾಡಿಕೊಡುತ್ತದೆ. ಯಾವ ತಿಂಗಳಿಗೆ ಮೂವತ್ತು, ಯಾವುದಕ್ಕೆ ಮೂವತ್ತೊಂದು, ಎಲ್ಲ ಅದಕ್ಕೆ ಗೊತ್ತು. ನಾನಿನ್ನೂ ಬೆರಳ ಗೆಣ್ಣಿನ ಮೇಲೆ ಎಣಿಸುವವಳು.

ಆದರೆ ತಿಂಗಳು ಮುಂದೆ, ದಿನ ಹಿಂದೆ ಬಂತು. ಅದು ಅಮೆರಿಕದವರ ಪದ್ಧತಿಯಂತೆ. ಬುಕ್ಕಿನಲ್ಲಿ ಬ್ರಿಟಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಎಂದು ಬೇರೆ ಬೇರೆ ಪದ್ಧತಿಯ ಹೆಸರುಗಳಿವೆ. ನಮ್ಮ ದೇಶದ ಹೆಸರಿಲ್ಲ. ಬ್ರಿಟಿಷ್ ಎಂದು ಹೊಡೆದೆ, ದಿನ ಮುಂದೆ ಬಂತು. ಅವರು ಬಿಟ್ಟು ಹೋಗಿ ನಲವತ್ತು ವರ್ಷವಾದರೂ ಚನ್ನಗಿರಿಯಲ್ಲಿ ತಾರೀಖು ಬರಬೇಕಾದರೆ ಅವರನ್ನೇ ಕರೆಯಬೇಕು ನೋಡು.

ನಾಗರಾಜಪ್ಪನವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಪರವಾಗಿಲ್ವೆ" ಅಂದರು. ಜಗಳೂರಿನ ಮಾತು ಎತ್ತೋಣ ಎಂದುಕೊಂಡೆ, ಫೋನ್ ಬಂತು, ಅವರು ಅತ್ತ ತಿರುಗಿದರು. ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಬಂದೆ.

10 ಡಿಸೆಂಬರ್

ನಿನ್ನೆ ಅಮಾವಾಸ್ಯೆ. ಬಿಳಿಚೋಡಿಗೆ ಹೋಗಿದ್ದೆ.

ಹೊಸ ಫ್ರಾಕು ಒಯ್ದಿದ್ದೆ. ಅಂಗಡಿಯಲ್ಲಿ ಕೈ ಅಗಲಿಸಿ, ಇಷ್ಟಿದ್ದಾಳೆ ನನ್ನ ಮಗಳು ಎಂದು ತೋರಿಸಿ ತಂದದ್ದು. ತೋಳೇ ಏರಲಿಲ್ಲ. ಚೌಡಿ ಕೈ ಮೇಲೆತ್ತಿಕೊಂಡು ಫ್ರಾಕಿನೊಳಗೇ ಸಿಕ್ಕಿಕೊಂಡು, "ಅವ್ವಾ ಬಿಡಿಸು, ಅವ್ವಾ ಬಿಡಿಸು" ಎಂದು ಕೂಗಿದಳು. ನಾನು ಬಿಡಿಸಲು ಹೋದರೆ ಇನ್ನೂ ಜೋರಾಗಿ ಕೂಗಿದಳು. ಅವಳು ಕರೆದದ್ದು ನನ್ನನ್ನಲ್ಲ. ಒಲೆ ಮುಂದಿದ್ದ ನಮ್ಮವ್ವ ಭೀಮಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಿಡಿಸಿದಳು.

"ಬೇಜಾರು ಮಾಡ್ಕಬ್ಯಾಡ ಕಣೆ" ಅಂದಳು ಅವ್ವ. "ದಿನಾ ಕಂಡೋರನ್ನ ಕರೀತೈತೆ ಕೂಸು."

ನಾನ್ಯಾಕೆ ಬೇಜಾರು ಮಾಡಿಕೊಳ್ಳಲಿ, ನಕ್ಕೆ. ಮಧ್ಯಾಹ್ನದ ಮೇಲೆ ಮೆಲ್ಲಗೆ ಹತ್ತಿರ ಬಂದಳು, ನನ್ನ ಬಳೆ ಎಣಿಸಿದಳು, ಮಡಿಲಲ್ಲಿ ತಲೆಯಿಟ್ಟಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಯಾವಾಗಲೂ ಹಿಂಗೇ. ಹತ್ತಿರವಾಗುವಷ್ಟರಲ್ಲಿ ಹೊರಡಬೇಕು. ಫ್ರಾಕನ್ನು ವಾಪಸು ತಂದಿದ್ದೇನೆ. ಬೆವರಿನ ಜೊತೆ ಸ್ವಲ್ಪ ಹೊಗೆಯ ವಾಸನೆ ಇದೆ. ಅಂಗಡಿಯವನು ಬದಲಿಸಿಕೊಡುತ್ತಾನೆ, ಆದರೂ ಇವತ್ತು ಕೊಡಲಿಲ್ಲ.

24 ಡಿಸೆಂಬರ್

ಕೊಯ್ಲು ಜೋರು. ಚೀಟಿ, ಚೀಟಿ, ಚೀಟಿ. ಕರೆಂಟು ಹೋದಾಗ ಮಾತ್ರ ಉಸಿರಾಡಲು ಬಿಡುವು.

8 ಜನವರಿ 1989

ನಿನ್ನೆಯ ಅಮಾವಾಸ್ಯೆಯ ವಿಷಯ ಬರೆಯುವುದಿಲ್ಲ. ಚೌಡಿಗೆ ಜ್ವರ ಇತ್ತು. ಅವಳು ಮಲಗಿದ್ದಾಗಲೇ ಹೋದೆ, ಮಲಗಿದ್ದಾಗಲೇ ಬಂದೆ. ನಡುವೆ ಕಣ್ಣು ಬಿಟ್ಟಾಗ ನೀರು ಕುಡಿಸಿದೆ. ನನ್ನನ್ನು ನೋಡಿದಳೋ ಇಲ್ಲವೋ.

ಇವತ್ತು ಅಣ್ಣನಿಗೆ ಕಾರ್ಡು ಬರೆದು ಹಾಕಿದ್ದೇನೆ, ಹೇಗಿದ್ದಾಳೆಂದು ತಿಳಿಸು ಅಂತ. ಅದು ಹೋಗಿ ಉತ್ತರ ಬರುವ ತನಕ ನಾನು ಹೇಗಿರಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ.

16 ಜನವರಿ

ಜ್ವರ ಬಿಟ್ಟಿದೆಯಂತೆ. ಆಟಕ್ಕೆ ಹೋಗುತ್ತಿದ್ದಾಳಂತೆ. ಕಾರ್ಡನ್ನು ಕಲ್ಲಮ್ಮನವರಿಗೂ ಓದಿ ಹೇಳಿದೆ. ಎರಡು ಸಲ.

1 ಫೆಬ್ರವರಿ

ಇವತ್ತು ಒಬ್ಬ ಮನುಷ್ಯ ಕೌಂಟರಿನ ಮುಂದೆ ನಿಂತು ಅತ್ತುಬಿಟ್ಟರು. ನ್ಯಾಮತಿ ಕಡೆಯ ಮಲ್ಲೇಶಪ್ಪ, ಐವತ್ತರ ಆಸುಪಾಸು, ಬಿಳಿ ಪಂಚೆ. ನ್ಯಾಮತಿಯಲ್ಲಿ ನಮ್ಮ ಶಾಖೆಯಿದೆ, ಕಂಪ್ಯೂಟರಿಲ್ಲ. ಅಲ್ಲಿಯ ಗುಮಾಸ್ತರು ಮುರುಗೇಶಪ್ಪ ಹಾಳೆಯ ಮೇಲೆ ದಿನದ ನಂಬರ್ ಬರೆದು ಕಳಿಸುತ್ತಾರೆ, ಇಲ್ಲಿ ನಾವು ಅದನ್ನು ಯಂತ್ರಕ್ಕೆ ಹಾಕಿ ತಾರೀಖಿನ ಚೀಟಿ ಮಾಡಿ ಕಳಿಸುತ್ತೇವೆ.

ಮಲ್ಲೇಶಪ್ಪನವರ ಚೀಟಿಯಲ್ಲಿ ಜನವರಿ 18 ಎಂದಿತ್ತು.

"ಹದಿನೆಂಟಕ್ಕೆ ನಮ್ಮಪ್ಪನ್ನ ಮಣ್ಣು ಮಾಡಿದ್ದು ಕಣ್ರೀ" ಅಂದರು. "ನಾನು ಅಡಿಕೆ ತಂದಿದ್ದು ಇಪ್ಪತ್ತಕ್ಕೆ. ನಮ್ಮ ತಮ್ಮ ಈ ಚೀಟಿ ಹಿಡ್ಕೊಂಡು ಊರಲ್ಲೆಲ್ಲಾ ತೋರಿಸ್ಕೊಂಡು ಬರ್ತಾವ್ನೆ. ಅಪ್ಪನ ಹೆಣ ಮನೆಯಾಗೆ ಇಟ್ಕೊಂಡು ಇವನು ವ್ಯಾಪಾರಕ್ಕೆ ಹೋಗಿದ್ದ ಅಂತ. ಕಂಪ್ಯೂಟರ್ ಸುಳ್ಳು ಹೇಳ್ತೈತಾ ಅಂತ ಜನ ನನ್ನೇ ಕೇಳ್ತಾರೆ. ಸಭೆಯಾಗೂ ಎತ್ತುತಾನಂತೆ. ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?"

ನಾಗರಾಜಪ್ಪನವರು ಒಳಗಿನಿಂದಲೇ, "ಮನುಷ್ಯರು ಮರೀತಾರೆ, ಯಂತ್ರ ಮರೆಯಾಕಿಲ್ಲ" ಅಂದರು.

ನನಗೆ ಎಲ್ಲಿಂದ ಬಂತೋ, "ಅಪ್ಪನ ಮಣ್ಣಿನ ದಿನವನ್ನು ಯಾರು ಮರೀತಾರೆ ಸಾರ್?" ಅಂದುಬಿಟ್ಟೆ. ಸಭೆಗೆ ಮುಂಚೆ ಸರಿಮಾಡಿ ಕೊಡ್ತೀನಿ ಎಂದು ಮಲ್ಲೇಶಪ್ಪನವರಿಗೆ ಹೇಳಿ ಕಳಿಸಿದೆ. ಹೆಂಗೆ ಸರಿಮಾಡುವುದು? ಗೊತ್ತಿಲ್ಲ. ಸೆಕ್ರೆಟರಿಗೆ ಎದುರಾಡಿದ್ದಕ್ಕೆ ಜಗಳೂರು ಕೈಬಿಟ್ಟಿತೇನೋ.

2 ಫೆಬ್ರವರಿ

ನ್ಯಾಮತಿಯ ಹಳೆ ಚೀಟಿಗಳನ್ನೆಲ್ಲ ತೆಗೆದು, ಬಂದ ರೈತರನ್ನು ಹಿಡಿದು ಹಿಡಿದು ಕೇಳಿದೆ. ನವೆಂಬರಿನ ಚೀಟಿಗಳು ಸರಿ ಇವೆ. ಡಿಸೆಂಬರ್ ನಡುವಿನವು ಒಂದು ದಿನ ಹಿಂದೆ. ಜನವರಿ ನಡುವಿನವು ಎರಡು ದಿನ ಹಿಂದೆ. ತಿಂಗಳಿಗೊಂದು ದಿನವನ್ನು ಯಾರೋ ಕದ್ದುಕೊಂಡು ಹೋಗುತ್ತಿದ್ದಾರೆ.

ಯಂತ್ರಕ್ಕೆ ಮೂವತ್ತೊಂದನೇ ತಾರೀಖು ಗೊತ್ತಿಲ್ಲವೇನೋ ಎಂದು ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಗೊತ್ತಿದೆ. ಚನ್ನಗಿರಿಯ ನಂಬರನ್ನು ಯಂತ್ರವೇ ಎಣಿಸುತ್ತದೆ, ಇಲ್ಲಿಯ ಚೀಟಿಗಳಲ್ಲಿ ಒಂದು ದಿನವೂ ಹೆಚ್ಚುಕಮ್ಮಿ ಇಲ್ಲ. ಅಂದರೆ ಕಳ್ಳ ನ್ಯಾಮತಿಯಲ್ಲಿದ್ದಾನೆ.

3 ಫೆಬ್ರವರಿ

ಕೇಳಿಕೊಂಡು ಕೂರದೆ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ ತಲುಪುವಷ್ಟರಲ್ಲಿ ಹನ್ನೊಂದಾಗಿತ್ತು. ಎಂದೂ ಹೀಗೆ ಒಬ್ಬಳೇ ಕಚೇರಿ ಕೆಲಸಕ್ಕೆ ಊರು ತಿರುಗಿದವಳಲ್ಲ, ಆದರೆ ಅದನ್ನೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ.

ಮುರುಗೇಶಪ್ಪನವರು ಚಹಾ ತರಿಸಿದರು. ಪಾಪ, ಅಚ್ಚುಕಟ್ಟಿನ ಮನುಷ್ಯ. ಹಾಳೆಗಳನ್ನು ದಾರ ಹಾಕಿ ಕಟ್ಟಿಟ್ಟಿದ್ದಾರೆ. ನಂಬರುಗಳು ಮುತ್ತು ಪೋಣಿಸಿದ ಹಾಗೆ, ಒಂದು ಚಿತ್ತೂ ಇಲ್ಲ.

"ನಾನು ಒಂದು ದಿನಾನೂ ಬಿಟ್ಟಿಲ್ರೀ" ಎಂದು ಎದೆ ಮುಟ್ಟಿಕೊಂಡರು. "ಬೆಳಿಗ್ಗೆ ಬಂದು ಬೀಗ ತೆಗೀತೀನಿ, ದೇವರಿಗೆ ಊದಿನಕಡ್ಡಿ ಹಚ್ತೀನಿ, ನಂಬರ್ ಹಾಕ್ತೀನಿ, ಆಮ್ಯಾಲೇ ತಕ್ಕಡಿ ಮುಟ್ಟೋದು. ಹಬ್ಬ ಬರ್ಲಿ, ಹುಣ್ಣಿಮೆ ಬರ್ಲಿ, ಬಾಗಿಲು ತೆಗೆದು ಒಂದು ಚೀಲಾನಾದ್ರೂ ತೂಗ್ತೀನಿ."

ನಿಜವನ್ನೇ ಹೇಳುತ್ತಿದ್ದಾರೆ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಬರಿಗೈಲಿ ವಾಪಸು ಬಂದೆ. ಹೊನ್ನಾಳಿ ಸೇತುವೆಯ ಮೇಲೆ ಬಸ್ಸು ನಿಂತಿತ್ತು. ಕೆಳಗೆ ಹೊಳೆಯಲ್ಲಿ ಒಬ್ಬಳು ಮಗಳಿಗೆ ತಲೆಗೆ ನೀರು ಹಾಕುತ್ತಿದ್ದಳು. ಮಗು ಒದರುತ್ತಿತ್ತು. ಅವಳು ಬೈದುಕೊಂಡೇ ಉಜ್ಜುತ್ತಿದ್ದಳು. ಬೈಯುವಷ್ಟು ಸಲಿಗೆ ನನಗೆ ಚೌಡಿಯ ಹತ್ತಿರ ಇಲ್ಲ.

7 ಫೆಬ್ರವರಿ

ನಿನ್ನೆ ಅಮಾವಾಸ್ಯೆ. ಎಲ್ಲವನ್ನೂ ಬರೆಯಬೇಕು, ಇಲ್ಲವಾದರೆ ಎದೆ ಒಡೆಯುತ್ತದೆ.

ಬಸ್ಸಿಳಿದು ಹೋಗುವಾಗ ಚೌಡಿ ಬಾಗಿಲಲ್ಲಿ ಪಕ್ಕದ ಮನೆಯ ಹುಡುಗಿಯ ಜೊತೆ ಕಲ್ಲಾಟ ಆಡುತ್ತಿದ್ದಳು. ನನ್ನನ್ನು ನೋಡಿ ಆ ಹುಡುಗಿ, "ಯಾರೆ ಇವರು?" ಎಂದು ಕೇಳಿತು.

ಚೌಡಿ ತಲೆ ಎತ್ತದೆ, "ಅವಳು ನಮ್ಮ ಅಮಾಸೆ ಅವ್ವ" ಅಂದಳು.

ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಅನ್ನುವ ಹಾಗೆ ಸಲೀಸಾಗಿ. ಆ ಹುಡುಗಿಯೂ ಹೌದೇ ಎಂದು ತಲೆಯಾಡಿಸಿ ಕಲ್ಲು ಎಸೆಯಿತು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗೆ ಹೋಗಿ ಅವ್ವನ ಮೇಲೆ ಹರಿಹಾಯ್ದೆ. ಇದನ್ನೇ ಏನು ಹೇಳಿಕೊಟ್ಟಿದ್ದು ನೀನು? ಅವ್ವ ಅಂದಳು: "ದಿನಾ ಬೆಳಗಾಗೆದ್ದು ಕೇಳ್ತಾಳೆ ಕಣೆ, ಇವತ್ತು ಅಮಾಸೇನಾ ಅಂತ. ಇಲ್ಲ ಅಂದ್ರೆ ಮಾರಿ ಸಣ್ಣದು ಮಾಡ್ಕೊಂಡು ಕೂರ್ತಾಳೆ. ಏನು ಹೇಳ್ಲಿ ಹೇಳು? ಆಕಾಶ ತೋರಿಸಿ, ಚಂದ್ರ ಸವೆದು ಸವೆದು ಮುಗಿದು ಹೋದ ದಿನ ನಿಮ್ಮವ್ವ ಬರ್ತಾಳೆ ಅಂದೆ. ಈಗ ಊರ ಹುಡುಗರೆಲ್ಲಾ ಹುಣ್ಣಿಮೆ ಚಂದ್ರನ್ನ ನೋಡಿ ಕುಣಿದ್ರೆ ಇವಳು ಅದಕ್ಕೆ ಬೈತಾಳೆ, ಯಾವಾಗ ಮುಗೀತಿಯೋ ಅಂತ."

ಅವಳು ನನಗಾಗಿ ಕಾಯುತ್ತಾಳೆ. ನನಗೆ ಗೊತ್ತೇ ಇರಲಿಲ್ಲ. ನಾನೊಬ್ಬಳೇ ಹಂಬಲಿಸುವವಳು ಎಂದುಕೊಂಡಿದ್ದೆ.

ಸಂಜೆ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ದಾವಣಗೆರೆ ಸ್ಟ್ಯಾಂಡಿನಲ್ಲಿ ಚನ್ನಗಿರಿ ಬಸ್ಸಿಗೆ ಕಾಯುವಾಗಲೂ ಅದೇ ಮಾತು ಕಿವಿಯಲ್ಲಿ. ಅಮಾಸೆ ಅವ್ವ. ತಿಂಗಳಿಗೊಂದು ದಿನದ ಅವ್ವ. ತಿಂಗಳಿಗೊಂದು ದಿನ...

ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿದ್ದ ಮುದುಕ, "ಬಸ್ ಬಂತೇನವ್ವಾ?" ಎಂದು ತಾನೂ ಎದ್ದ.

ನಮ್ಮ ಮಂಡಿಗೆ ರಜೆಯಾದ ದಿನ ನ್ಯಾಮತಿಗೂ ರಜೆ. ಮುರುಗೇಶಪ್ಪ ನಂಬರ್ ಹಾಕುವುದು ಬೀಗ ತೆಗೆದ ಮೇಲೆ. ಅಮಾವಾಸ್ಯೆಗೆ ಬೀಗವನ್ನೇ ತೆಗೆಯುವುದಿಲ್ಲ!

ಇವತ್ತು ಬೆಳಿಗ್ಗೆ ಮೊದಲ ಕೆಲಸ, ನ್ಯಾಮತಿಗೆ ಫೋನು. "ಮುರುಗೇಶಪ್ನೋರೆ, ಅಮಾಸೆ ದಿನಕ್ಕೆ ಏನು ನಂಬರ್ ಹಾಕಿದ್ರಿ?"

ಆ ಕಡೆಯಿಂದ ಗಾಬರಿ. "ಅಮಾಸೆಗೆ ಎಂಥ ನಂಬರ್ರೀ? ಬೀಗ ಹಾಕಿದ ದಿನಕ್ಕೆ ನಂಬರ್ ಕೊಡಾಕೆ ಆಗ್ತೈತಾ? ಅವತ್ತು ದಿನಾನೇ ಅಲ್ಲವಲ್ಲ ನಮಗೆ!"

ಚೆನ್ನಾಗಿ ಬೈದೆ. ನಿಮಗೆ ದಿನವಲ್ಲದಿದ್ದರೂ ಕೆಲವರಿಗೆ ಅದೊಂದೇ ದಿನ ಕಣ್ರೀ, ಎಂದು ಏನೇನೋ ಅಂದೆ. ಪಾಪ ಅವರಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ನನಗೇ ಕೆಟ್ಟದೆನಿಸಿತು.

9 ಫೆಬ್ರವರಿ

ಯಂತ್ರಕ್ಕೆ ಹೇಳಿಕೊಟ್ಟೆ. ನ್ಯಾಮತಿಯ ಚೀಟಿ ಮೊದಲನೆ ಅಮಾವಾಸ್ಯೆ ದಾಟಿದ್ದರೆ ಒಂದು ಕೂಡಿಸು, ಎರಡನೆಯದು ದಾಟಿದ್ದರೆ ಎರಡು, ಮೂರನೆಯದು ದಾಟಿದ್ದರೆ ಮೂರು. ಮಲ್ಲೇಶಪ್ಪನವರ ಚೀಟಿ ಹೊಡೆದೆ. ಇಪ್ಪತ್ತು ಜನವರಿ ಎಂದು ಬಂತು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಆದರೆ ಸೇರಿಸಲು ಆ ದಿನಗಳನ್ನು ಒಂದೊಂದಾಗಿ ಟೈಪು ಮಾಡಬೇಕಿತ್ತು. ಒಂಬತ್ತು ಡಿಸೆಂಬರ್: ಫ್ರಾಕು ಏರದ ದಿನ. ಏಳು ಜನವರಿ: ಜ್ವರದ ದಿನ. ಆರು ಫೆಬ್ರವರಿ. ಸಂಘದ ವರ್ಷದಲ್ಲಿ ಇಲ್ಲದೆ ಹೋದ ದಿನ ಅಂದರೆ ಇವೇ. ನನ್ನ ವರ್ಷದಲ್ಲಿ ಇರುವ ದಿನ ಅಂದರೂ ಇವೇ, ಬೇರೆ ಒಂದೂ ಇಲ್ಲ. ಟೈಪು ಮಾಡುತ್ತಾ ಕಣ್ಣು ಮಂಜಾಗಿ ಎರಡು ಸಲ ತಪ್ಪು ಹೊಡೆದೆ.

21 ಫೆಬ್ರವರಿ

ಎಲ್ಲ ಚೀಟಿ ಮುಗಿಯಿತು. ಹೊರಗೆ ಬೆಳದಿಂಗಳು. ಕಲ್ಲಮ್ಮ, "ಎಷ್ಟು ಚೆಂದ ಐತೆ ನೋಡು ಚಂದ್ರ" ಅಂದರು. ನನಗೆ ಬೈಯಬೇಕೆನಿಸಿತು.

5 ಮಾರ್ಚ್

ನಿನ್ನೆ ಸಭೆ. ಮಲ್ಲೇಶಪ್ಪನವರ ತಮ್ಮ ಹಳೆ ಚೀಟಿ ಹಿಡಿದು ಎದ್ದು ನಿಂತರು. ನಾಗರಾಜಪ್ಪನವರು ಹೊಸ ಚೀಟಿ ಓದಿ, ನ್ಯಾಮತಿಯ ಅಮಾವಾಸ್ಯೆಯ ಕಥೆ ಹೇಳಿದರು. ಜನ ನಕ್ಕರು. ಮುರುಗೇಶಪ್ಪನವರೂ ಪಾಪ ನಕ್ಕರು. ತಮ್ಮ ಚೀಟಿ ಮಡಚಿಕೊಂಡು, ಅಣ್ಣನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತರು. ಮಲ್ಲೇಶಪ್ಪ ಹೋಗುವಾಗ ನನಗೆ ಕೈಮುಗಿದರು. ಅವರ ವಯಸ್ಸೇನು, ನನ್ನ ವಯಸ್ಸೇನು.

ಸಭೆಯಾದ ಮೇಲೆ ನಾಗರಾಜಪ್ಪನವರ ಹತ್ತಿರ ಹೋದೆ. ಅವರು ಎಲೆಯಡಿಕೆ ಹಾಕಿಕೊಂಡು ಖುಷಿಯಲ್ಲಿದ್ದರು.

"ಜಗಳೂರಾ? ಏನ್ ಮಾತು ಅಂತ ಆಡ್ತೀರಿ! ನೀವು ಹೋದ್ರೆ ಈ ಯಂತ್ರ ನೋಡ್ಕೊಳ್ಳೋರು ಯಾರು? ಮುಂದಿನ ವರ್ಷ ನೋಡಾನ, ಈಗ ಆಗಾಕಿಲ್ಲ."

ನನಗೆ ಎಂದಿನಂತೆ ಬಾಯಿ ಬರಲಿಲ್ಲ. ಇಷ್ಟು ಮಾತ್ರ ಹೇಳಿದೆ: "ಆಗಲಿ ಸಾರ್, ಇಲ್ಲೇ ಇರ್ತೀನಿ. ಆದ್ರೆ ಈ ಅಮಾಸೆಗೆ ಹೋದಾಗ ನನ್ನ ಮಗಳನ್ನ ಕರ್ಕೊಂಡು ಬರ್ತೀನಿ. ಬೆಳಿಗ್ಗೆ ಬಾಲವಾಡಿಗೆ ಹೋಗ್ತಾಳೆ, ಮಧ್ಯಾಹ್ನದಿಂದ ಕಂಪ್ಯೂಟರ್ ರೂಮಲ್ಲಿ ನನ್ನ ಪಕ್ಕ ಕೂರ್ತಾಳೆ. ಚಪ್ಪಲಿ ಬಿಟ್ಟೇ ಒಳಗೆ ಬರ್ತಾಳೆ. ಇನ್ನು ದೀಪ ಹಚ್ಚೋ ತನಕ ನಾನು ಇರಾಕಿಲ್ಲ, ಐದಕ್ಕೆ ಹೊರಡ್ತೀನಿ. ಇದು ಆಗಾಕಿಲ್ಲ ಅಂದ್ರೆ ನಾಳೇನೇ ಹೇಳ್ರಿ, ಆ ದಾವಣಗೆರೆ ಹುಡುಗನ್ನ ಹುಡುಕ್ಕೊಳ್ರಿ."

ನಾಗರಾಜಪ್ಪನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಕೂಸು ಗುಂಡಿ ಗಿಂಡಿ ಒತ್ತೀತು, ಹುಷಾರು" ಅಂದರು.

ಇನ್ನೂ ಸರಿಯಾಗಿ ಕೇಳಬೇಕಿತ್ತು. ನನ್ನ ಸ್ವಭಾವವೇ ಇಷ್ಟು, ದೊಡ್ಡವರ ಮುಂದೆ ಮಾತೇ ಹೊರಡುವುದಿಲ್ಲ.

8 ಮಾರ್ಚ್

ನಿನ್ನೆ ಶಿವರಾತ್ರಿಯ ಮಾರನೆ ದಿನ, ಅಮಾವಾಸ್ಯೆ. ಅವ್ವ ಎಲ್ಲ ಮೊದಲೇ ಕಟ್ಟಿಟ್ಟಿದ್ದಳು: ಎರಡು ಫ್ರಾಕು, ಆಡುವ ಕಲ್ಲು, ಒಂದು ಡಬ್ಬಿ ಹುರಿಹಿಟ್ಟು. "ಕರ್ಕೊಂಡು ಹೋಗು, ನಿನ್ನ ಕೂಸು" ಅಂದಳು. ಬಸ್ಸಿನ ತನಕ ಎತ್ತಿಕೊಂಡು ಬಂದಳು, ಕೆಳಗಿಳಿಸಲಿಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೇ ಕಿಟಕಿಯಿಂದ ಕೊಟ್ಟಳು.

"ಅವ್ವಾ, ನೀನೂ ಬಾ" ಅಂದೆ.

"ನಾನು ಬರಾಕಿಲ್ಲ. ಅಮಾಸೆಗೆ ಕೂಸನ್ನ ಕರ್ಕೊಂಡು ಬಾ" ಅಂದಳು ಅವ್ವ. ಬಸ್ಸು ಹೊರಟ ಮೇಲೆ ಹಿಂದಕ್ಕೆ ತಿರುಗಿ ನೋಡಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ರಸ್ತೆಯಲ್ಲೇ ನಿಂತಿದ್ದಳು. ಇನ್ನು ಬೆಳಗಾಗೆದ್ದು ಇವತ್ತು ಅಮಾಸೇನಾ ಎಂದು ಕೇಳುವವಳು ಅವಳು.

ಚೌಡಿ ದಾವಣಗೆರೆಯ ತನಕ ಅತ್ತಳು, ಅಲ್ಲಿಂದ ನಿದ್ದೆ. ಕಲ್ಲಮ್ಮ ಬೆಣ್ಣೆ ಹಚ್ಚಿದ ರೊಟ್ಟಿ ತಂದುಕೊಟ್ಟು, ಇಷ್ಟು ದಿನ ಏನು ಮಾಡ್ತಿದ್ದೆ ಎಂದು ನನಗೇ ಬೈದರು.

ಇವತ್ತು ಬೆಳಿಗ್ಗೆ ಬಾಚಣಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಎದ್ದಳು, ನನ್ನನ್ನು ನೋಡಿದಳು, ಬಾಗಿಲು ನೋಡಿದಳು.

"ಬಸ್ ಹೋಯ್ತಾ?"

"ಹೋಯ್ತು."

"ನೀನು ಹತ್ತಲಿಲ್ಲಾ?"

"ಇಲ್ಲ."

"ಇವತ್ತೂ ಅಮಾಸೇನಾ?"

"ಇಲ್ಲ ಕಣವ್ವಾ. ಅಮಾಸೆ ನಿನ್ನೆಗೆ ಮುಗೀತು."

ಯೋಚನೆ ಮಾಡಿದಳು. ಹಣೆ ಗಂಟು ಹಾಕಿಕೊಂಡು, ಥೇಟ್ ಅವಳ ಅಪ್ಪ ತಕ್ಕಡಿಯ ಮುಳ್ಳು ನೋಡುತ್ತಿದ್ದ ಹಾಗೆ.

"ಹಂಗಾದ್ರೆ ನೀನು ಯಾವ ಅವ್ವ?"

"ಬರೀ ಅವ್ವ" ಅಂದೆ.

ಸರಿ ಎಂದು ಬೆನ್ನು ತಿರುಗಿಸಿ, ಜಡೆ ಹಾಕಿಸಿಕೊಳ್ಳಲು ಕೂತಳು.